ದಿನದ ನಡಿಗೆ, ಹೊಲದ ಇಳುವರಿ

(ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಂಡ್ಯ ಜಿಲ್ಲೆಯೆಂದರೆ ಮಲೆನಾಡಿಗರ ಮನಸ್ಸಿಗೆ ಬರುವುದು ನಾಲೆ, ಕಬ್ಬು ಮತ್ತು ಆಲೆಮನೆಯ ಹೊಗೆ. ಈ ಚಿತ್ರ ಅರ್ಧ ಸತ್ಯ. ಶ್ರೀರಂಗಪಟ್ಟಣ ಮತ್ತು ಪಾಂಡವಪುರಗಳ ಬಯಲಿಗೆ ಕಾವೇರಿಯ ನಾಲೆಗಳ ನೀರಿದೆ. ಕೆ.ಆರ್. ಪೇಟೆಯಲ್ಲಿ ಹೇಮಾವತಿಯ ನೀರು ಕೆಲವು ಊರುಗಳಿಗೆ ಉಂಟು, ಕೆಲವಕ್ಕೆ ಇಲ್ಲ. ನಾಗಮಂಗಲದಲ್ಲಿ ಹೆಚ್ಚಿನ ಪಾಲು ರಾಗಿ, ಹುರುಳಿ, ತೆಂಗಿನ ಒಣನೆಲ. ಒಂದೇ ದಿನದಲ್ಲಿ ಬಸ್ಸಿನಲ್ಲಿ ದಾಟಬಹುದಾದ ಈ ನಾಲ್ಕು ತಾಲ್ಲೂಕುಗಳಲ್ಲಿ ಬೇಸಾಯದ ಎರಡು ಮೂರು ಲೋಕಗಳಿವೆ. ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸಿನ ಮಳೆ ಕಾಣುವ ಈ ಸೀಮೆಯ ಮಾತು, ಆಗುಂಬೆಯಂತಹ 7000 ಮಿಲಿಮೀಟರ್ ದಾಟುವ ಮಳೆಯ ನೆರೆಯಲ್ಲಿ ವಾಸಿಸುವವರಿಗೆ ಏಕೆ ಬೇಕು ಎಂಬ ಪ್ರಶ್ನೆ ಏಳುವುದು ಸಹಜ. ಉತ್ಪಾದಕತೆ ಎಂಬ ಪದ ಎರಡೂ ಕಡೆಗೆ ಒಂದೇ ಅರ್ಥದಲ್ಲಿ ಬಂದಿದೆ. ಎಕರೆಗೆ ಎಷ್ಟು ಕ್ವಿಂಟಲ್ ಎಂಬುದೇ ಅದರ ಏಕೈಕ ಅಳತೆ. ಎಷ್ಟು ನೀರಿಗೆ, ಎಷ್ಟು ಸಾಲಕ್ಕೆ, ಯಾರ ಬೆನ್ನಿನ ನೋವಿಗೆ ಎಂಬ ಪ್ರಶ್ನೆಗಳು ಆ ಅಳತೆಯೊಳಗೆ ಬರುವುದೇ ಇಲ್ಲ.

ಈ ನಾಲ್ಕು ತಾಲ್ಲೂಕುಗಳ ಬೇಸಾಯವನ್ನು ಬೇರೊಂದು ಕಡೆಯಿಂದ ನೋಡಬಹುದು. ಅಲ್ಲಿನ ಬೆಳೆಯಲ್ಲಿ ಬಹುದೊಡ್ಡ ಪಾಲು ನಡಿಗೆಯಿಂದ ಹುಟ್ಟುತ್ತಿತ್ತು. ಬದುವಿನ ಮೇಲೆ ರೈತನ ನಡಿಗೆ, ನಾಲೆಯ ಏರಿಯ ಮೇಲೆ ನೀರಗಂಟಿಯ ನಡಿಗೆ, ಪೈರಿನ ನಡುವೆ ಎತ್ತಿನ ನಡಿಗೆ, ಕೊಯ್ಲಾದ ಹೊಲದಲ್ಲಿ ಕುರಿಮಂದೆಯ ನಡಿಗೆ. ಇವುಗಳಲ್ಲಿ ಯಾವುದೂ ಲೆಕ್ಕದ ಪುಸ್ತಕದಲ್ಲಿ ಒಳಸುರಿಯೆಂದು ದಾಖಲಾಗಿಲ್ಲ. ದಾಖಲಾಗದ್ದರಿಂದಲೇ ಒಂದೊಂದಾಗಿ ನಿಂತಾಗ ಯಾರಿಗೂ ನಷ್ಟವೆನಿಸಲಿಲ್ಲ.

ಮೊದಲು ನೀರಗಂಟಿಯ ಮಾತು. ಪಾಂಡವಪುರ ತಾಲ್ಲೂಕಿನ ತೊಣ್ಣೂರು ಕೆರೆ ಹಳೆಯದು. ರಾಮಾನುಜಾಚಾರ್ಯರ ಕಾಲದೊಡನೆ, ಅಂದರೆ ಹನ್ನೆರಡನೆಯ ಶತಮಾನದೊಡನೆ, ಅದರ ಹೆಸರು ಹೆಣೆದುಕೊಂಡಿದೆ. 1746ರಲ್ಲಿ ಇತ್ತ ಬಂದ ನಾಸಿರ್ ಜಂಗ್ ಅದರ ತಿಳಿನೀರನ್ನು ಕಂಡು ಮೋತಿ ತಾಲಾಬ್ ಎಂದು ಕರೆದನೆಂಬುದು ಪ್ರಸಿದ್ಧ. ಹಳೆಯ ಮೈಸೂರಿನ ಇಂತಹ ಕೆರೆಗಳ ಅಚ್ಚುಕಟ್ಟಿನಲ್ಲೆಲ್ಲ ನೀರು ಹಂಚುವವನು ನೀರಗಂಟಿ. ತೂಬು ಎತ್ತುವುದು, ಕಾಲುವೆಯ ಉದ್ದಕ್ಕೂ ನಡೆಯುವುದು, ಯಾರ ಗದ್ದೆಗೆ ನೀರು ಏರಿತು, ಯಾರ ಗದ್ದೆಯ ತುದಿ ಒಣಗಿತು ಎಂದು ಕಣ್ಣಿನಿಂದ ಅಳೆದು ಮಡೆ ತಿರುಗಿಸುವುದು ಅವನ ಕಾಯಕ. ಸುಗ್ಗಿಯಲ್ಲಿ ಕಣದಿಂದ ಅವನ ಪಾಲಿನ ಧಾನ್ಯ ಸಲ್ಲುತ್ತಿತ್ತು. ಈ ವ್ಯವಸ್ಥೆಯನ್ನು ಹೊಗಳುವಾಗ ಒಂದು ಎಚ್ಚರ ಬೇಕು. ಎಷ್ಟೋ ಊರುಗಳಲ್ಲಿ ನೀರಗಂಟಿ ಭೂಮಿಯಿಲ್ಲದ, ಕೆಳಗಿನದೆಂದು ಗಣಿಸಲ್ಪಟ್ಟ ಜಾತಿಯವನು. ತಾನು ಹಂಚಿದ ನೀರಿನಲ್ಲಿ ಅವನಿಗೆ ಪಾಲಿರಲಿಲ್ಲ. ಅವನ ತಿಳಿವಳಿಕೆ ಮಾತ್ರ ನಿಜವಾದುದು: ನೀರನ್ನು ಅಳೆಯಬೇಕಾದರೆ ಅದರ ಜೊತೆಗೆ ನಡೆಯಬೇಕು.

ಶ್ರೀರಂಗಪಟ್ಟಣದ ಸುತ್ತ ಕಾವೇರಿಗೆ ಅಣೆಕಟ್ಟಿ ನಾಲೆ ತೆಗೆಯುವುದು ಅಣೆಕಟ್ಟುಗಳ ಯುಗಕ್ಕಿಂತ ಬಹಳ ಹಿಂದಿನದು. ಚಿಕ್ಕದೇವರಾಜ ಸಾಗರ ನಾಲೆ, ವಿರಿಜಾ ನಾಲೆ, ಬಂಗಾರದೊಡ್ಡಿ ನಾಲೆಗಳ ಹೆಸರು ಇಂದಿಗೂ ಬಳಕೆಯಲ್ಲಿದೆ. 1911ರಲ್ಲಿ ಆರಂಭವಾಗಿ ಎರಡು ದಶಕಗಳ ಕಾಲ ನಡೆದ ಕನ್ನಂಬಾಡಿ ಕಟ್ಟೆಯ ಕೆಲಸ ಮುಗಿದ ಮೇಲೆ ನೀರಿನ ಪ್ರಮಾಣವೇ ಬದಲಾಯಿತು. ಮೊದಲು ಇರ್ವಿನ್ ನಾಲೆಯೆಂದು ಕರೆಸಿಕೊಂಡ ವಿಶ್ವೇಶ್ವರಯ್ಯ ನಾಲೆಯ ಆರಂಭದ ಯೋಜನೆಯಲ್ಲಿ ಒಂದು ಸಂಯಮವಿತ್ತು. ಅಚ್ಚುಕಟ್ಟನ್ನು ಭಾಗಗಳಾಗಿ ವಿಂಗಡಿಸಿ, ಒಂದು ಪಾಲಿನಲ್ಲಿ ಭತ್ತ, ಒಂದರಲ್ಲಿ ಕಬ್ಬು, ಮತ್ತೊಂದರಲ್ಲಿ ರಾಗಿಯಂತಹ ಅರೆನೀರಾವರಿ ಬೆಳೆ, ಮೂರು ವರ್ಷಕ್ಕೊಮ್ಮೆ ಸುತ್ತುವ ಸರದಿ. ನೆಲಕ್ಕೆ ಉಸಿರಾಡಲು ಅವಕಾಶವಿದ್ದ ಈ ಕ್ರಮ ಬಹುಕಾಲ ಉಳಿಯಲಿಲ್ಲ. ನೀರಿದ್ದ ಕಡೆ ಭತ್ತದ ಮೇಲೆ ಭತ್ತ, ಕಬ್ಬಿನ ಮೇಲೆ ಕೂಳೆ ಕಬ್ಬು ಬಂದವು. ಗದ್ದೆಯಿಂದ ಗದ್ದೆಗೆ ಹರಿಯುವಂತೆ ಮಡೆ ತೆರೆದಿಟ್ಟು ಮನೆಗೆ ಹೋಗುವುದು ರೂಢಿಯಾಯಿತು. ನಾಲೆಯ ಮೇಲ್ತುದಿಯಲ್ಲಿ ನೀರು ನಿಂತು ನೆಲ ಚೌಳಾಗುವುದು, ಕೊನೆಯ ಭಾಗದಲ್ಲಿ ನೀರು ತಲುಪದೆ ಪೈರು ಒಣಗುವುದು, ಎರಡೂ ಒಂದೇ ವರ್ಷದಲ್ಲಿ ಒಂದೇ ನಾಲೆಯಲ್ಲಿ ಕಾಣುವ ನೋಟ. ಮಳೆ ಕೈಕೊಟ್ಟ 2016ರಲ್ಲಿ, ಮತ್ತೆ 2023ರಲ್ಲಿ ಕಟ್ಟೆಯ ನೀರಿಗಾಗಿ ಮಂಡ್ಯದ ರಸ್ತೆಗಳಲ್ಲಿ ನಡೆದ ಹೋರಾಟ ಎಲ್ಲರ ನೆನಪಿನಲ್ಲಿದೆ. ನೆರೆರಾಜ್ಯಕ್ಕೆ ಎಷ್ಟು ಬಿಡಬೇಕು ಎಂಬ ಚರ್ಚೆ ನ್ಯಾಯಾಲಯದಲ್ಲಿ, ಬೀದಿಯಲ್ಲಿ ನಡೆಯಿತು. ಗದ್ದೆಯೊಳಗೆ ಎಷ್ಟು ಬೇಕು ಎಂಬ ಚರ್ಚೆ ಮಾತ್ರ ಅಷ್ಟಾಗಿ ನಡೆಯಲಿಲ್ಲ.

ಭತ್ತ ಜಲಸಸ್ಯವಲ್ಲ. ನೀರನ್ನು ಸಹಿಸಿಕೊಳ್ಳುವ ಸಸ್ಯ. ನಿಂತ ನೀರಿನ ಕೆಳಗಿನ ಮಣ್ಣಿನಲ್ಲಿ ಆಮ್ಲಜನಕ ಬೇಗನೆ ಮುಗಿಯುತ್ತದೆ. ಆಗ ಭತ್ತ ತನ್ನ ಬೇರು ಕಾಂಡಗಳಲ್ಲಿ ಗಾಳಿಯ ಕೊಳವೆಗಳನ್ನು ರಚಿಸಿಕೊಂಡು ಎಲೆಯಿಂದ ಬೇರಿಗೆ ಉಸಿರನ್ನು ಕಳಿಸುತ್ತದೆ. ಬದುಕುತ್ತದೆ ನಿಜ. ಆದರೆ ಸದಾ ಮುಳುಗಿದ ಗದ್ದೆಯಲ್ಲಿ ಬೇರಿನ ಬಹುಭಾಗ ಕಂದಿ, ಕೊಳೆತು, ಹೂವಾಡುವ ಹೊತ್ತಿಗೆ ದುರ್ಬಲವಾಗಿರುತ್ತದೆ. ಅದೇ ಗಾಳಿಯಿಲ್ಲದ ಮಣ್ಣಿನಲ್ಲಿ ಹುಟ್ಟುವ ಮೀಥೇನ್ ಅನಿಲ ವಾತಾವರಣವನ್ನು ಬಿಸಿ ಮಾಡುವ ಅನಿಲಗಳಲ್ಲಿ ಒಂದು. ಕೆಸರು ಗದ್ದೆಯಲ್ಲಿ ಕಾಲಿಟ್ಟಾಗ ಏಳುವ ಗುಳ್ಳೆಗಳಲ್ಲಿ ಅದು ಇರುತ್ತದೆ.

ಮಡಗಾಸ್ಕರ್ ದ್ವೀಪದಲ್ಲಿ ಹೆನ್ರಿ ದ ಲೊಲಾನಿಯೆ ಎಂಬ ಪಾದ್ರಿ 1983ರ ಸುಮಾರಿಗೆ ರೂಪಿಸಿದ, ಕನ್ನಡದಲ್ಲಿ ‘ಶ್ರೀ’ ಪದ್ಧತಿಯೆಂದು ಹೆಸರಾದ ಭತ್ತದ ಬೇಸಾಯ ಈ ಅರಿವಿನ ಮೇಲೆಯೇ ನಿಂತಿದೆ. 25-30 ದಿನದ ಸಸಿಯ ಬದಲು 8-12 ದಿನದ ಎಳೆಸಸಿ. ಗುಂಪಿಗೆ ಬದಲಾಗಿ ಒಂಟಿ ಸಸಿ, ಸುತ್ತಲೂ 25 ಸೆಂಟಿಮೀಟರ್ ಅಂತರ. ಎಕರೆಗೆ 25 ಕೆ.ಜಿ.ಯಷ್ಟು ಬೀಜ ಹಿಡಿಯುವಲ್ಲಿ ಸುಮಾರು 2 ಕೆ.ಜಿ. ಸಾಕು. ಇವೆಲ್ಲಕ್ಕಿಂತ ಮುಖ್ಯವಾದ ಅಂಗವೆಂದರೆ ಕೋನೋವೀಡರ್ ಹಿಡಿದು ಸಾಲುಗಳ ನಡುವೆ ನಡೆಯುವುದು. ನಾಟಿಯಾದ ಹತ್ತು ಹನ್ನೆರಡು ದಿನಕ್ಕೆ ಮೊದಲ ಬಾರಿ, ಬಳಿಕ ಅದೇ ಅಂತರದಲ್ಲಿ ಮೂರು ನಾಲ್ಕು ಬಾರಿ. ಕಳೆ ಮಣ್ಣಿಗೆ ಸೇರಿ ಗೊಬ್ಬರವಾಗುತ್ತದೆ. ಬೇರಿನ ಸುತ್ತ ಗಾಳಿಯಾಡುತ್ತದೆ. ತೆಂಡೆಗಳು ಹೆಚ್ಚುತ್ತವೆ. ಎರಡೂ ದಿಕ್ಕಿಗೆ ಸಾಲು ಹಿಡಿದು ನಾಟಿ ಮಾಡಿದ್ದರೆ ಮಾತ್ರ ಅಡ್ಡ-ಉದ್ದ ನಡೆಯಲು ಸಾಧ್ಯ. ಹಾಗಾಗಿ ಈ ಪದ್ಧತಿಯಲ್ಲಿ ನಾಟಿಯ ದಿನವೇ ಮುಂದಿನ ನಡಿಗೆಯ ದಾರಿಯನ್ನು ಬಿಟ್ಟುಕೊಳ್ಳಬೇಕಾಗುತ್ತದೆ.

ಈ ಪದ್ಧತಿಯ ಇಳುವರಿಯ ಬಗ್ಗೆ ವಿಜ್ಞಾನಿಗಳಲ್ಲಿ ಏಕಾಭಿಪ್ರಾಯವಿಲ್ಲವೆಂಬುದನ್ನು ವಿದ್ಯಾರ್ಥಿಗಳು ತಿಳಿದಿರಬೇಕು. 2004ರ ಸುಮಾರಿಗೆ ಸಂಶೋಧನಾ ಪತ್ರಿಕೆಗಳಲ್ಲಿ ಇದರ ಬಗ್ಗೆ ತೀಕ್ಷ್ಣವಾದ ವಾಗ್ವಾದ ನಡೆದಿದೆ. ಎಕರೆಗೆ ದುಪ್ಪಟ್ಟು ಎಂಬಂತಹ ಘೋಷಣೆಗಳನ್ನು ನಂಬಿ ಇಳಿದವರು ನಿರಾಶರಾದದ್ದೂ ಇದೆ. ಇಳುವರಿ ಇದ್ದಷ್ಟೇ ಇದ್ದರೂ ಬೀಜ, ನೀರು, ಗೊಬ್ಬರಗಳ ಉಳಿತಾಯ ಸಣ್ಣದಲ್ಲ ಎಂಬುದೇ ಅದರ ಬಲವಾದ ವಾದ. ಆ ವಾದಕ್ಕೆ ಉತ್ಪ್ರೇಕ್ಷೆಯ ಅಲಂಕಾರ ಬೇಕಿರಲಿಲ್ಲ.

ಇನ್ನೊಂದು ಪ್ರಶ್ನೆಯೂ ಇದೆ. ನಡೆಯುವವರು ಯಾರು? ಭತ್ತದ ನಾಟಿ ಹೆಂಗಸರ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಸೊಂಟ ಬಗ್ಗಿಸಿ, ಕೆಸರಿನಲ್ಲಿ ಹಿಂದಕ್ಕೆ ಹಿಂದಕ್ಕೆ ಹೆಜ್ಜೆಯಿಡುವ ಆ ನಡಿಗೆಯನ್ನು ಸೌಮ್ಯವೆಂದು ಕರೆಯುವ ಧೈರ್ಯ ಗದ್ದೆಗೆ ಇಳಿಯದವರಿಗೆ ಮಾತ್ರ ಇರುತ್ತದೆ. ಕೈಗಳೆ ತೆಗೆಯುವಾಗಲೂ ಬಗ್ಗುವ ಬೆನ್ನು ಅವರದೇ. ವೀಡರ್ ಬಂದಲ್ಲಿ ಕಳೆಯ ಕೆಲಸ ನಿಂತು ಮಾಡುವಂತಾಯಿತು. ಅದರ ಜೊತೆಗೆ ಅದು ಗಂಡಸರ ಕೈಗೆ ಹೋಗಿ, ಹೆಂಗಸರ ಕೂಲಿಯ ದಿನಗಳೂ ಕಡಿಮೆಯಾದವು. ಜಿಗುಟು ಮಣ್ಣಿನಲ್ಲಿ ಭಾರದ ವೀಡರ್ ತಳ್ಳುವುದು ಗಂಡಸಿಗೂ ಆಯಾಸವೇ. ನೆಲಕ್ಕೆ ಮೃದುವಾದ ವಿಧಾನ ದೇಹಕ್ಕೂ ಮೃದುವಾಗಿರಬೇಕು. ಅಲ್ಲಿಯವರೆಗೆ ಅದು ಅರ್ಧ ಪರಿಹಾರ. ಹಗುರವಾದ, ಊರಿನ ಕುಲುಮೆಯಲ್ಲೇ ಸರಿಪಡಿಸಬಹುದಾದ, ಹೆಂಗಸರ ಎತ್ತರಕ್ಕೆ ಹಿಡಿಕೆಯಿರುವ ವೀಡರನ್ನು ರೂಪಿಸುವುದು ಕೃಷಿ ತಾಂತ್ರಿಕ ವಿದ್ಯಾರ್ಥಿಗಳಿಗೆ ಯೋಗ್ಯವಾದ ಕೆಲಸ.

ನಾಗಮಂಗಲದ ಕಡೆಗೆ ಹೊರಳಿದರೆ ನಡಿಗೆಯ ಇನ್ನೂ ಸೋಜಿಗದ ಬಳಕೆ ಕಾಣುತ್ತದೆ. ಹಳೆಯ ಮೈಸೂರಿನ ರಾಗಿ ಬೇಸಾಯದಲ್ಲಿ ಕೂರಿಗೆಯ ಬಿತ್ತನೆಯಾಗಿ ಕೆಲವು ವಾರ ಕಳೆದ ಮೇಲೆ, ಎಳೆಯ ಪೈರಿನ ಮೇಲೆಯೇ ಎತ್ತು ಕಟ್ಟಿ ಹಲುಬೆ ಹೊಡೆಯುವ ಪದ್ಧತಿ ಇದೆ. ಹೊಸಬನ ಕಣ್ಣಿಗೆ ಇದು ಬೆಳೆಯನ್ನು ಹಾಳು ಮಾಡುವ ಹುಚ್ಚಾಟ. ಹಲುಬೆಯ ಹಲ್ಲುಗಳು ದಟ್ಟವಾದ ಪೈರನ್ನು ಕಿತ್ತು ತೆಳುವಾಗಿಸುತ್ತವೆ, ಎಳೆಗಳೆಯನ್ನು ಬುಡಮೇಲು ಮಾಡುತ್ತವೆ, ಮಳೆಯ ನಂತರ ಹೆಪ್ಪುಗಟ್ಟಿದ ಮೇಲ್ಮಣ್ಣನ್ನು ಒಡೆಯುತ್ತವೆ. ಉಳಿದ ಪೈರು ಒಂದೆರಡು ದಿನ ಬಾಗಿ, ಮತ್ತೆ ಎದ್ದು, ಬುಡದಿಂದ ತೆಂಡೆ ಒಡೆಯುತ್ತದೆ. 1800ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಶ್ರೀರಂಗಪಟ್ಟಣದ ಸುತ್ತಲಿನ ಬೇಸಾಯವನ್ನೂ ಎತ್ತು ಎಳೆಯುವ ಸಲಕರಣೆಗಳನ್ನೂ ವಿವರವಾಗಿ ಬರೆದಿಟ್ಟಿದ್ದಾನೆ. ಹಾವೇರಿಯ ಕಡೆಯ ಗುಳಿ ರಾಗಿ ಪದ್ಧತಿಯಲ್ಲಿ ಹಲುಬೆಯ ಬದಲಿಗೆ ಕೊರಡು ಇದೆ. ಮರದ ದಿಮ್ಮಿಯನ್ನು ಪೈರಿನ ಮೇಲೆ ಎಳೆದು ಬಗ್ಗಿಸುವುದು, ಗುಳಿಯೊಂದಕ್ಕೆ ಹೇರಳ ತೆಂಡೆ ಪಡೆಯುವುದು ಅಲ್ಲಿಯ ರೈತರು ಕಂಡುಕೊಂಡ ದಾರಿ.

ದೂರದ ಜಪಾನಿನಲ್ಲಿಯೂ ಇದರ ಸೋದರ ಪದ್ಧತಿಯುಂಟು. ಚಳಿಗಾಲದಲ್ಲಿ ಗೋಧಿ, ಬಾರ್ಲಿಯ ಎಳೆಪೈರನ್ನು ರೈತರು ಅಡ್ಡಡ್ಡ ಹೆಜ್ಜೆಯಿಡುತ್ತ ಕಾಲಿನಿಂದಲೇ ತುಳಿಯುತ್ತಾರೆ. ‘ಮುಗಿಫುಮಿ’ ಎಂದು ಅದರ ಹೆಸರು. ಹಿಮದಿಂದ ಉಬ್ಬಿದ ಮಣ್ಣು ಕುಳಿತು ಬೇರು ಭದ್ರವಾಗುತ್ತದೆ, ತೆಂಡೆ ಹೆಚ್ಚುತ್ತದೆ, ಪೈರು ಬೀಳುವುದಿಲ್ಲ. ಸ್ಪರ್ಶ, ಗಾಳಿ, ಬಾಗುವಿಕೆಗಳಿಗೆ ಸಸ್ಯ ತನ್ನ ಬೆಳವಣಿಗೆಯ ರೂಪವನ್ನೇ ಬದಲಿಸಿಕೊಳ್ಳುವ ಈ ಗುಣಕ್ಕೆ 1973ರಲ್ಲಿ ಮಾರ್ಕ್ ಜಾಫ್ ಎಂಬ ಸಸ್ಯವಿಜ್ಞಾನಿ ಒಂದು ಶಾಸ್ತ್ರೀಯ ಹೆಸರು ಕೊಟ್ಟರು. ಮುಟ್ಟಿಸಿಕೊಂಡ ಗಿಡ ಗಿಡ್ಡವಾಗಿ, ಗಟ್ಟಿಯಾಗಿ ಬೆಳೆಯುತ್ತದೆ. ಯೂರಿಯಾ ಕೊಟ್ಟು ಉದ್ದ ಬೆಳೆಸಿ, ಮಳೆಗೆ ಬಿದ್ದುಹೋದ ಪೈರನ್ನು ಕಂಡವರಿಗೆ ಇದರ ಬೆಲೆ ಅರ್ಥವಾಗುತ್ತದೆ. ಹಾಗೆಂದು ಯಾವಾಗ ಬೇಕಾದರೂ ತುಳಿಯಬಹುದೆಂದಲ್ಲ. ತೆನೆ ಕಟ್ಟುವ ಬೆಳವಣಿಗೆಯ ತುದಿ ನೆಲದ ಬಳಿಯಿರುವ ಎಳೆ ವಯಸ್ಸಿನಲ್ಲಿ ಮಾತ್ರ ಇದು ಹಿತ. ಕಾಂಡ ಎದ್ದ ಮೇಲೆ ಅದೇ ಹೆಜ್ಜೆ ನಷ್ಟ. ಮಣ್ಣಿನ ಹದವೂ ಬೇಕು. ಹಸಿ ಕೆಸರಿನಲ್ಲಿ ಹಲುಬೆ ಹೊಡೆದರೆ ಪೈರೇ ಕಿತ್ತುಬರುತ್ತದೆ. ಹದ ನೋಡಲು ಮತ್ತೆ ಹೊಲಕ್ಕೆ ನಡೆಯಲೇಬೇಕು.

ರಾಗಿಯ ಮಾತು ಬಂದಾಗ ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ಲಕ್ಷ್ಮಣಯ್ಯನವರನ್ನು ಬಿಟ್ಟು ಮುಂದೆ ಹೋಗಲಾಗದು. ರಾಗಿಯ ಹೂ ಕಣ್ಣಿಗೆ ಕಾಣದಷ್ಟು ಚಿಕ್ಕದು, ಬೆಳಗಿನ ಜಾವದಲ್ಲಿ ಅರಳಿ ತನ್ನಲ್ಲೇ ಪರಾಗಸ್ಪರ್ಶ ಮುಗಿಸಿಕೊಳ್ಳುತ್ತದೆ. ಅದರಲ್ಲಿ ತಳಿಸಂಕರ ಮಾಡುವುದು ಸಹನೆಯ ಪರೀಕ್ಷೆ. ಅರುಣ, ಪೂರ್ಣ, ಅನ್ನಪೂರ್ಣ, ಕಾವೇರಿಯಂತಹ ತಳಿಗಳ ಬಳಿಕ ಭಾರತದ ರಾಗಿಗೆ ಆಫ್ರಿಕದ ರಾಗಿಯನ್ನು ಬೆಸೆದು ಅವರು ಪಡೆದ ತಳಿಗಳೇ ಇಂಡಾಫ್. ಇಂಡಿಯಾದ ‘ಇಂಡ್’, ಆಫ್ರಿಕದ ‘ಆಫ್’. ಒಣಬೇಸಾಯದ ಬಡವರ ಊಟ ಹೆಚ್ಚಿಸಿದ ಈ ಸಾಧನೆಗೆ ದೊಡ್ಡ ಯಂತ್ರವೇನೂ ಬೇಕಾಗಲಿಲ್ಲ. ಸಾವಿರಾರು ಗಿಡಗಳ ನಡುವೆ ವರ್ಷಗಟ್ಟಲೆ ಓಡಾಡಿ, ನೋಡಿ, ಆರಿಸಿದ ಕೆಲಸ ಅದು. ತಳಿ ವಿಜ್ಞಾನವನ್ನು ಕೇವಲ ಪ್ರಯೋಗಾಲಯದ ವಿದ್ಯೆಯೆಂದು ಭಾವಿಸುವ ವಿದ್ಯಾರ್ಥಿಗಳು ಈ ಹೆಸರನ್ನು ನೆನಪಿಟ್ಟುಕೊಳ್ಳಬೇಕು.

ಕೊಯ್ಲಾದ ಹೊಲದಲ್ಲಿ ಕುರಿಮಂದೆ ನಿಲ್ಲಿಸುವ ರೂಢಿಯೂ ಇದೇ ಬಗೆಯದು. ಹಗಲೆಲ್ಲ ಬೀಳು, ಗುಡ್ಡ, ಕೆರೆಯಂಗಳಗಳಲ್ಲಿ ಮೇದ ಕುರಿಗಳು ರಾತ್ರಿ ಹೊಲದಲ್ಲಿ ಮಲಗುತ್ತವೆ. ಹಿಕ್ಕೆಯ ಜೊತೆಗೆ ಮೂತ್ರವೂ ನೇರವಾಗಿ ಮಣ್ಣಿಗೆ ಸೇರುತ್ತದೆ. ತಿಪ್ಪೆಯಲ್ಲಿ ಹಾರಿಹೋಗುವ, ಹರಿದುಹೋಗುವ ಸಾರಜನಕದ ಒಂದು ಪಾಲು ಹೀಗೆ ಉಳಿಯುತ್ತದೆ. ಗೊಬ್ಬರ ಹೊರುವ ಗಾಡಿಯ ಕೆಲಸವನ್ನು ಕುರಿಯ ಕಾಲುಗಳೇ ಮಾಡುತ್ತವೆ. ಮಲೆನಾಡಿನವರು ಸೊಪ್ಪಿನ ಬೆಟ್ಟದಿಂದ ದರಕು, ಸೊಪ್ಪು ಹೊತ್ತು ತೋಟಕ್ಕೆ ತರುವುದಕ್ಕೂ ಇದಕ್ಕೂ ತತ್ವದಲ್ಲಿ ಭೇದವಿಲ್ಲ. ಅಲ್ಲಿ ಮನುಷ್ಯನ ತಲೆ ಹೊರೆ, ಇಲ್ಲಿ ಕುರಿಯ ಹೊಟ್ಟೆ. ಈಗ ಗೋಮಾಳಗಳು ನಿವೇಶನವಾಗಿ, ಬೀಳುಗಳಿಗೆ ಬೇಲಿ ಬಿದ್ದು ಮಂದೆಯ ದಾರಿಗಳು ಕಿರಿದಾಗುತ್ತಿವೆ.

ಇದೇ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರ ಹೆಸರು 2020ರಲ್ಲಿ ಪ್ರಧಾನಿಯವರ ಬಾನುಲಿ ಭಾಷಣದಲ್ಲಿ ಬಂದ ಮೇಲೆ ದೇಶಕ್ಕೆಲ್ಲ ಗೊತ್ತಾಯಿತು. ಕುರಿ ಮೇಯಿಸುತ್ತ ಬೆಟ್ಟದ ಮೇಲೆ ಓಡಾಡುವಾಗ ಪ್ರಾಣಿ ಪಕ್ಷಿಗಳಿಗೆ ನೀರಿಲ್ಲದ್ದನ್ನು ಕಂಡು, ಸಾಮಾನ್ಯ ಸಲಕರಣೆಗಳಿಂದಲೇ ಗುಂಡಿ ತೋಡಲು ಆರಂಭಿಸಿದವರು ಅವರು. ದಶಕಗಳಲ್ಲಿ ಅವು ಹತ್ತಕ್ಕೂ ಹೆಚ್ಚು ಕಟ್ಟೆಗಳಾದವು. 2022ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು. ಅವರನ್ನು ಪವಾಡಪುರುಷರೆಂದು ಪೂಜಿಸುವುದಕ್ಕಿಂತ ಅವರ ಕ್ರಮವನ್ನು ಗಮನಿಸುವುದು ಉಪಯುಕ್ತ. ಯಾವ ಜಾಗದಲ್ಲಿ ಮಳೆನೀರು ಇಳಿದು ಬರುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದು ಪ್ರತಿದಿನ ಅದೇ ಇಳಿಜಾರಿನಲ್ಲಿ ಮಂದೆಯ ಹಿಂದೆ ನಡೆಯುವವನಿಗೆ ನಕ್ಷೆಯಿಲ್ಲದೆ ತಿಳಿಯುತ್ತದೆ. ಅವರ ಕೆಲಸಕ್ಕೆ ಪ್ರತ್ಯೇಕ ದಿನವೇ ಇರಲಿಲ್ಲ. ಕುರಿ ಮೇಯುವ ಹೊತ್ತೇ ಅದರ ಹೊತ್ತಾಗಿತ್ತು.

ಇವೆಲ್ಲಕ್ಕೆ ಎದುರಾಗಿ ನಿಲ್ಲುವುದು ಕಬ್ಬು. ಐದಾರು ತಿಂಗಳು ಬೆಳೆದ ಕಬ್ಬಿನೊಳಗೆ ಮನುಷ್ಯ ಸುಲಭವಾಗಿ ನಡೆಯಲಾರ. ತರಗಿನ ಅಲಗು ಮೈ ಕೊಯ್ಯುತ್ತದೆ. ನಾಟಿ ಮಾಡಿ, ಮಣ್ಣು ಏರಿಸಿ, ನೀರು ಬಿಟ್ಟರೆ ಮತ್ತೆ ಕಟಾವಿನವರೆಗೆ ಹೊಲದ ಒಳಗಿನ ಸ್ಥಿತಿ ಬದುವಿನಲ್ಲಿ ನಿಂತವನಿಗೆ ಕಾಣದು. ಕಟಾವಿನ ಕಾಲವನ್ನು ನಿರ್ಧರಿಸುವುದು ಕಾರ್ಖಾನೆಯ ಒಪ್ಪಿಗೆ ಪತ್ರ, ಬೆಲೆಯನ್ನು ನಿರ್ಧರಿಸುವುದು ಇನ್ನೆಲ್ಲಿಯೋ ಕುಳಿತ ಸಭೆ. 1933ರ ಹೊತ್ತಿಗೆ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಎದ್ದಾಗ ಅದು ರೈತನಿಗೆ ನಗದಿನ ಬಾಗಿಲು ತೆರೆದದ್ದು ಸುಳ್ಳಲ್ಲ. ಎಷ್ಟೋ ಮನೆಗಳ ಮಕ್ಕಳು ಓದಿದ್ದು ಆ ಹಣದಿಂದ. ಆದರೆ ಒಂದೇ ಬೆಳೆಯ ಮೇಲೆ ನಿಂತ ಮನೆಯ ಸ್ಥಿತಿ 2015ರಲ್ಲಿ ಬಯಲಾಯಿತು. ಕಬ್ಬಿನ ಬಾಕಿ ಬಾರದೆ, ಬೆಲೆ ಕುಸಿದು, ಸಾಲ ಬೆಳೆದು, ಮಂಡ್ಯ ಜಿಲ್ಲೆಯ ರೈತರು ಆತ್ಮಹತ್ಯೆ ಮಾಡಿಕೊಂಡ ಸುದ್ದಿ ಆ ಬೇಸಿಗೆ ಮಳೆಗಾಲಗಳ ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬಂತು. ನೀರಾವರಿಯಿಲ್ಲದ ಊರಲ್ಲಷ್ಟೇ ರೈತ ಸೋಲುತ್ತಾನೆಂಬ ನಂಬಿಕೆಯನ್ನು ಆ ವರ್ಷ ಅಳಿಸಿಹಾಕಿತು. ಬದುವಿನಲ್ಲಿ ದಿನಾ ನಡೆದಿದ್ದರೆ ಆ ಸಾವುಗಳು ತಪ್ಪುತ್ತಿದ್ದವು ಎಂದು ಹೇಳುವುದು ಕ್ರೌರ್ಯ. ಬಾಕಿ ಹಣ, ಸಾಲದ ಬಡ್ಡಿ, ಬೆಲೆ, ಇವು ಸರ್ಕಾರವೂ ಕಾರ್ಖಾನೆಗಳೂ ಉತ್ತರಿಸಬೇಕಾದ ಪ್ರಶ್ನೆಗಳು. ಆದರೂ ಒಂದು ಮನೆಯಲ್ಲಿ ಕಬ್ಬಿನ ಪಕ್ಕದಲ್ಲಿ ಅರ್ಧ ಎಕರೆ ರಾಗಿ, ಬದುವಿನ ಮೇಲೆ ಅವರೆ, ನಾಲ್ಕು ಕುರಿ ಇದ್ದರೆ ಮುಂದಿನ ತಿಂಗಳ ಊಟಕ್ಕೆ ಅಂಗಡಿಯವನ ಮುಂದೆ ನಿಲ್ಲಬೇಕಾಗಿಲ್ಲ. ಎಕರೆಗೆ ಎಷ್ಟು ಟನ್ ಎಂಬ ಲೆಕ್ಕದಲ್ಲಿ ಈ ಅರ್ಧ ಎಕರೆ ನಷ್ಟವಾಗಿ ಕಾಣುತ್ತದೆ.

ಮಂಡ್ಯದ ಸಕ್ಕರೆ ಕಾರ್ಖಾನೆಯ ಹಿಂದಿದ್ದ ಲೆಸ್ಲಿ ಕೋಲ್‌ಮನ್ ಮಲೆನಾಡಿಗೂ ಪರಿಚಿತರು. ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ, 1910ರ ಸುಮಾರಿಗೆ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ತೋರಿಸಿಕೊಟ್ಟ ವಿಜ್ಞಾನಿ ಅವರೇ. ಕೊಳೆ ಬಂದ ತೋಟದಲ್ಲಿ ಔಷಧಿಯಷ್ಟೇ ಮುಖ್ಯವಾದದ್ದು ಉದುರಿದ ರೋಗದ ಕಾಯನ್ನು ಅಂದಂದೇ ಆಯ್ದು ತೋಟದಿಂದ ಹೊರಹಾಕುವುದು. ಬಸಿಗಾಲುವೆ ಕಟ್ಟಿಕೊಂಡಿದೆಯೇ ಎಂದು ಮಳೆಯಲ್ಲೇ ಒಂದು ಸುತ್ತು ಹಾಕುವುದು ಇನ್ನೊಂದು. ಇದನ್ನು ಹೇಳಿಕೊಡಲು ವಿಜ್ಞಾನಿ ಬೇಕಿಲ್ಲ. ‘ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ’ ಎಂಬ ಗಾದೆಯಲ್ಲಿ ಆಳಿನ ಬಗೆಗಿನ ತಾತ್ಸಾರವನ್ನು ಬಿಟ್ಟು ನೋಡಿದರೆ, ಉಳಿಯುವುದು ತಾನೇ ಹೋಗಿ ನೋಡಬೇಕೆಂಬ ಮಾತು. ಮಕ್ಕಳು ಬೆಂಗಳೂರಿನಲ್ಲಿ, ತಂದೆತಾಯಿಗೆ ಮಂಡಿನೋವು, ತೋಟ ಗುತ್ತಿಗೆಗೆ ಎಂಬ ಸ್ಥಿತಿ ನಾಗಮಂಗಲದಲ್ಲೂ ತೀರ್ಥಹಳ್ಳಿಯಲ್ಲೂ ಒಂದೇ. ವಾರಕ್ಕೊಮ್ಮೆ ಕಾರಿನಲ್ಲಿ ಬಂದು ಹೋಗುವ ಬೇಸಾಯಕ್ಕೆ ರಾಸಾಯನಿಕವೇ ಅನುಕೂಲ, ಏಕೆಂದರೆ ಅದಕ್ಕೆ ದಿನದ ಕಣ್ಣು ಬೇಡ. ವಿಷಮುಕ್ತ ಬೇಸಾಯದ ಉಪದೇಶ ಮಾಡುವವರು ಈ ಕಷ್ಟವನ್ನು ಒಪ್ಪಿಕೊಂಡೇ ಮಾತನಾಡಬೇಕು. ನೆರೆಹೊರೆಯ ನಾಲ್ಕು ಮನೆಯವರು ಸರದಿಯಲ್ಲಿ ಎಲ್ಲರ ಗದ್ದೆಯನ್ನೂ ಸುತ್ತಿ ಬರುವ ಏರ್ಪಾಡು ಮುಯ್ಯಾಳಿನ ಪದ್ಧತಿಯಿರುವ ಊರುಗಳಲ್ಲಿ ಅಸಾಧ್ಯವೇನಲ್ಲ.

ಕೊನೆಯದಾಗಿ ಮುಂದಿನ ಬೆಳೆಗೆ ಮಾಡಿ ನೋಡಬಹುದಾದ ಒಂದು ಕೆಲಸ. ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಪ್ರಚಾರಕ್ಕೆ ತಂದ ಈ ಉಪಾಯಕ್ಕೆ ಬೇಕಾದದ್ದು ಸುಮಾರು 30 ಸೆಂಟಿಮೀಟರ್ ಉದ್ದದ, ಕೈ ಹಿಡಿಸುವಷ್ಟು ಅಗಲದ ಒಂದು ಪ್ಲಾಸ್ಟಿಕ್ ಪೈಪಿನ ತುಂಡು. ಬಿದಿರಿನದೂ ಆದೀತು. ಕೆಳಗಿನ ಅರ್ಧಕ್ಕೆ ಸುತ್ತಲೂ ತೂತು ಕೊರೆದು, ಆ ಅರ್ಧವನ್ನು ಬದುವಿನ ಹತ್ತಿರ ಗದ್ದೆಯಲ್ಲಿ ಹೂಳಿ, ಒಳಗಿನ ಮಣ್ಣು ತೆಗೆಯಬೇಕು. ನಾಟಿಯಾದ ಮೊದಲ ಎರಡು ವಾರ ಕಳೆ ಏಳದಂತೆ ತೆಳುವಾಗಿ ನೀರು ನಿಲ್ಲಿಸಬೇಕು. ಆಮೇಲೆ ನೀರು ಕಟ್ಟಿ, ಪೈಪಿನೊಳಗಿನ ನೀರು ನೆಲಮಟ್ಟದಿಂದ 15 ಸೆಂಟಿಮೀಟರ್ ಕೆಳಗೆ ಇಳಿಯುವವರೆಗೆ ಮತ್ತೆ ನೀರು ಬಿಡಬಾರದು. ಹೂವಾಡುವ ಹಿಂದಿನ ಮುಂದಿನ ಒಂದೊಂದು ವಾರ ಮಾತ್ರ ನೀರು ನಿಂತಿರಲಿ. ಇಳುವರಿ ತಗ್ಗದೆ ನೀರಿನಲ್ಲಿ ಶೇಕಡ 30ರವರೆಗೂ ಉಳಿತಾಯ ಸಾಧ್ಯವೆಂದು ಪ್ರಯೋಗಗಳು ತೋರಿಸಿವೆ. ಮೀಥೇನ್ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಕೆ.ಆರ್.ಎಸ್. ನಾಲೆಗಳಲ್ಲಿ ನೀರಿನ ಅಭಾವದ ಕಾಲದಲ್ಲಿ ಅನುಸರಿಸುವ ‘ಕಟ್ಟು’ ಪದ್ಧತಿಗೂ ಇದು ಹೊಂದಿಕೊಳ್ಳುತ್ತದೆ. ನೀರು ನಿಂತ ದಿನಗಳ ಬಗ್ಗೆ ಗಾಬರಿಪಡುವ ಬದಲು ಪೈಪಿನೊಳಗೆ ನೋಡಿ ನಿರ್ಧರಿಸಬಹುದು. ಆಷಾಢ ಶ್ರಾವಣಗಳಲ್ಲಿ ಮಲೆನಾಡಿನ ಕಣಿವೆಯ ಗದ್ದೆಗೆ ಇದು ಅನ್ವಯಿಸದು, ಆಗ ನೀರು ಯಾರ ಮಾತನ್ನೂ ಕೇಳುವುದಿಲ್ಲ. ಮಳೆ ಹಿಂದೆ ಸರಿದ ಮೇಲೆ, ಹಳ್ಳಕ್ಕೆ ಅಡ್ಡಕಟ್ಟಿ ನೀರು ತಿರುಗಿಸುವ ದಿನಗಳಲ್ಲಿ ಪ್ರಯೋಜನವಿದೆ. ಶಾಲೆಯ ಮಕ್ಕಳು ಬೆಳಿಗ್ಗೆ ಹೋಗುವ ದಾರಿಯಲ್ಲಿ ಒಂದು ಅಳತೆಕೋಲಿನಿಂದ ಪೈಪಿನ ನೀರನ್ನು ನೋಡಿ, ದಿನಾಂಕದ ಎದುರು ಬರೆದಿಟ್ಟರೆ ಒಂದು ಬೆಳೆಯಲ್ಲಿ ಆ ಗದ್ದೆಯ ಸ್ವಭಾವ ಕೈಗೆ ಬರುತ್ತದೆ. ಪೈಪಿನ ಬಾಯಿಗೆ ಒಂದು ತೆಂಗಿನ ಚಿಪ್ಪು ಮುಚ್ಚಿಡಬೇಕು, ಇಲ್ಲವಾದರೆ ಕಪ್ಪೆಗಳು ಬೀಳುತ್ತವೆ.